ಮೈದಾನಕ್ಕೆ ಯಾರು ಹೊಣೆ?

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಊರುಗಳ ಬಡಾವಣೆಗಳಲ್ಲಿ ಬೇಸಿಗೆ ಶಿಬಿರದ ಬ್ಯಾನರ್‌ಗಳು ಏಳುತ್ತವೆ. ಕ್ರಿಕೆಟ್, ಬ್ಯಾಡ್ಮಿಂಟನ್, ಸ್ಕೇಟಿಂಗ್, ಈಜು, ಕರಾಟೆ. ಹೆತ್ತವರು ಹೋಗಿ ಫೀಸು ಎಷ್ಟು, ಬ್ಯಾಚ್ ಎಷ್ಟು ಗಂಟೆಗೆ, ಬ್ಯಾಟು ಶೂ ಅವರೇ ಕೊಡುತ್ತಾರೋ ನಾವೇ ತರಬೇಕೋ ಎಂದು ವಿಚಾರಿಸಿಕೊಂಡು ಬರುತ್ತಾರೆ. ಮಗು ಕೋಚ್ ಜೊತೆ ಒಂಟಿಯಾಗಿರುವ ಸಂದರ್ಭ ಉಂಟೇ, ಬಿದ್ದು ಪೆಟ್ಟಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ದೂರು ಇದ್ದರೆ ಕೋಚ್ ಬಿಟ್ಟು ಬೇರೆ ಯಾರಿಗೆ ಹೇಳಬೇಕು ಎಂದು ಕೇಳುವವರು ತೀರ ಕಡಿಮೆ. ಕೇಳಿದರೆ ಕೋಚ್ ಬೇಸರ ಮಾಡಿಕೊಂಡಾರು, ಆ ಬೇಸರ ಮಗುವಿನ ಮೇಲೆ ತಿರುಗೀತು ಎಂಬ ಅಂಜಿಕೆ ಇರುತ್ತದೆ. ಈ ಪ್ರಶ್ನೆಗಳನ್ನು ಹೆತ್ತವರ ಧೈರ್ಯಕ್ಕೆ ಬಿಡದೆ, ಅವರು ಕೇಳುವ ಮೊದಲೇ ಉತ್ತರ ಸಿಗುವ ಹಾಗೆ ಮಾಡಿಡುವುದು ಕ್ರೀಡಾ ಸುರಕ್ಷತಾ ನೀತಿಯ ಕೆಲಸ. ಜಗತ್ತಿನ ಹಲವು ದೇಶಗಳು ಇದನ್ನು ಬಲು ದುಬಾರಿ ಬೆಲೆ ತೆತ್ತು ಕಲಿತಿವೆ. ನಮ್ಮಲ್ಲಿ ಕಾನೂನುಗಳಿಗೆ ಬರವಿಲ್ಲ. ಆದರೆ ಅವು ಒಕ್ಕೂಟಗಳ ಕಚೇರಿಯ ಬಾಗಿಲವರೆಗೆ ಬಂದು ನಿಂತಿವೆ, ಮಕ್ಕಳು ದಿನವೂ ಆಡುವ ಮೈದಾನಕ್ಕೆ ಇನ್ನೂ ಇಳಿದಿಲ್ಲ ಎಂಬುದು ನನ್ನ ವಾದ.

ಬ್ರಿಟನ್ನಿನ ಕತೆಯಿಂದ ಶುರು ಮಾಡಬಹುದು. 1988ರ ಸೋಲ್ ಒಲಿಂಪಿಕ್ಸ್‌ಗೆ ಬ್ರಿಟಿಷ್ ಈಜು ತಂಡವನ್ನು ಕರೆದೊಯ್ದಿದ್ದ ಪಾಲ್ ಹಿಕ್ಸನ್ ಎಂಬ ತರಬೇತುದಾರನಿಗೆ, ತನ್ನ ಕೈಕೆಳಗಿನ ಹುಡುಗಿಯರ ಮೇಲಿನ ಲೈಂಗಿಕ ಅಪರಾಧಗಳಿಗಾಗಿ 1995ರಲ್ಲಿ 17 ವರ್ಷ ಜೈಲಾಯಿತು. ಅಷ್ಟು ಎತ್ತರದ ಹೆಸರು ಬಿದ್ದಾಗ ದೇಶ ಬೆಚ್ಚಿತು. 2001ರಲ್ಲಿ ಎನ್‌ಎಸ್‌ಪಿಸಿಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆಯೂ ಸ್ಪೋರ್ಟ್ ಇಂಗ್ಲೆಂಡ್ ಕೂಡ ಸೇರಿ ಕ್ರೀಡೆಯಲ್ಲಿ ಮಕ್ಕಳ ರಕ್ಷಣೆಗೆಂದೇ ಒಂದು ಘಟಕ ತೆರೆದವು. ಮಕ್ಕಳ ತಂಡವಿರುವ ಫುಟ್‌ಬಾಲ್ ಕ್ಲಬ್ಬು ಎಷ್ಟೇ ಚಿಕ್ಕದಿರಲಿ, ಮಕ್ಕಳ ಕ್ಷೇಮ ನೋಡಿಕೊಳ್ಳುವ ಅಧಿಕಾರಿ ಎಂದು ಒಬ್ಬರನ್ನು ಹೆಸರಿಸಬೇಕೆಂಬ ಪದ್ಧತಿ ಬಂತು. ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಯಾವುದೋ ಆಟಗಾರನ ತಾಯಿ, ನಿವೃತ್ತ ಶಿಕ್ಷಕ, ಇಂಥವರು.

ನಿಯಮ ಬಂದ ಮೇಲೂ ಹಳೆಯ ನೋವು ಒಳಗೇ ಉಳಿದಿತ್ತು. 2016ರ ನವೆಂಬರ್‌ನಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಆ್ಯಂಡಿ ವುಡ್‌ವರ್ಡ್, ಬಾಲಕನಾಗಿದ್ದಾಗ ಬ್ಯಾರಿ ಬೆನೆಲ್ ಎಂಬ ಕೋಚ್ ತನಗೆ ಮಾಡಿದ್ದನ್ನು ಹೆಸರು, ಮುಖ ತೋರಿಸಿ ಹೇಳಿದಾಗ ನೂರಾರು ಗಂಡಸರು ಅವರ ಹಿಂದೆ ಬಾಯಿ ತೆರೆದರು. ಅದರ ತನಿಖೆ ನಡೆಸಿದ ಕ್ಲೈವ್ ಶೆಲ್ಡನ್ ಅವರ ವರದಿ 2021ರಲ್ಲಿ ಹೊರಬಂತು. 1995ರ ಎಚ್ಚರಿಕೆಯ ನಂತರವೂ ಫುಟ್‌ಬಾಲ್ ಸಂಸ್ಥೆ ರಕ್ಷಣಾ ಕ್ರಮಗಳನ್ನು ತರಲು ಐದು ವರ್ಷ ಎಳೆದಾಡಿತು ಎಂದು ಅದು ನೇರವಾಗಿ ಹೇಳಿತು. ಇಲ್ಲಿ ನಾವು ಗಮನಿಸಬೇಕಾದ್ದು, ಬಾಯಿ ತೆರೆದವರು ಗಂಡುಮಕ್ಕಳು. ಕ್ರೀಡೆಯಲ್ಲಿ ರಕ್ಷಣೆ ಎಂದ ಕೂಡಲೇ ನಮಗೆ ಹೆಣ್ಣುಮಕ್ಕಳಷ್ಟೇ ಕಣ್ಣ ಮುಂದೆ ಬರುತ್ತಾರೆ. ‘ಗಂಡುಹುಡುಗ, ಏನಾಗುತ್ತೆ’ ಎಂದು ನಿಶ್ಚಿಂತರಾಗಿ ಬಿಟ್ಟು ಬರುತ್ತೇವೆ. ಆ ನಿಶ್ಚಿಂತೆಯನ್ನೇ ಬೆನೆಲ್‌ನಂಥವರು ಬಳಸಿಕೊಂಡದ್ದು. ಶಾಲೆಯ ಶಿಕ್ಷಕ 16, 17ರ ವಿದ್ಯಾರ್ಥಿಯೊಡನೆ ಲೈಂಗಿಕ ಸಂಬಂಧ ಬೆಳೆಸಿದರೆ ಅದು ಬ್ರಿಟನ್ನಿನಲ್ಲಿ ಬಹಳ ಹಿಂದೆಯೇ ಅಪರಾಧವಾಗಿತ್ತು. ಕ್ರೀಡಾ ತರಬೇತುದಾರನನ್ನು ಆ ಪಟ್ಟಿಗೆ ಸೇರಿಸಲು 2022ರವರೆಗೆ ಕಾಯಬೇಕಾಯಿತು.

ಅಮೆರಿಕದಲ್ಲಿ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ನ ವಿರುದ್ಧ 2018ರ ಜನವರಿಯಲ್ಲಿ ಶಿಕ್ಷೆಯ ವಿಚಾರಣೆ ನಡೆದಾಗ 156 ಮಂದಿ ನ್ಯಾಯಾಲಯದಲ್ಲಿ ತಮ್ಮ ನೋವು ಹೇಳಿಕೊಂಡರು. ಅವನ ಬಗ್ಗೆ ಮೊದಲ ದೂರುಗಳು ಎದ್ದದ್ದು ಅದಕ್ಕೂ ಇಪ್ಪತ್ತು ವರ್ಷ ಹಿಂದೆ. ಹುಡುಗಿಯರು ಹೇಳಿದ್ದರು. ಯಾರಿಗೆ? ಅದೇ ವ್ಯವಸ್ಥೆಯೊಳಗಿನ ಕೋಚ್‌ಗಳಿಗೆ. ಅಲ್ಲಿಗೇ ಮಾತು ನಿಂತುಹೋಯಿತು. ಇಂಥ ದೂರುಗಳನ್ನು ಕೇಳಲೆಂದೇ ಒಕ್ಕೂಟಗಳ ಹಿಡಿತದಿಂದ ಹೊರಗಿರುವ ಸೇಫ್‌ಸ್ಪೋರ್ಟ್ ಕೇಂದ್ರ 2017ರಲ್ಲಿ ಡೆನ್ವರ್‌ನಲ್ಲಿ ಬಾಗಿಲು ತೆರೆಯಿತು. ಮರುವರ್ಷ ಬಂದ ಕಾನೂನು, ಮಗುವಿನ ಮೇಲೆ ದೌರ್ಜನ್ಯದ ಅನುಮಾನ ಬಂದ ಕ್ರೀಡಾ ಸಂಸ್ಥೆಗಳ ವಯಸ್ಕರು 24 ಗಂಟೆಯೊಳಗೆ ತಿಳಿಸಲೇಬೇಕೆಂದು ವಿಧಿಸಿತು. ಆ ಕೇಂದ್ರದ ಮೇಲೂ ಟೀಕೆಗಳಿವೆ. ದೂರುಗಳು ರಾಶಿ ಬಿದ್ದಿವೆ, ತೀರ್ಮಾನ ತಡವಾಗುತ್ತದೆ ಎಂದು ನೊಂದವರೇ ಹೇಳುತ್ತಾರೆ. ಆದರೂ ಅದು ತಂದ ಒಂದು ನಿಯಮ ಯಾವ ಹಳ್ಳಿಯ ಕ್ಲಬ್ಬಿಗೂ ಹೊಂದುವಂಥದ್ದು. ವಯಸ್ಕರೊಬ್ಬರು ಮಗುವಿನೊಡನೆ ಒಬ್ಬರೇ ಇರಬೇಕಾದ ಸಂದರ್ಭ ಬಂದರೆ ಅದು ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು, ಯಾರು ಬೇಕಾದರೂ ನಡುವೆ ಬಂದು ನಿಲ್ಲಿಸುವಂತಿರಬೇಕು. ಮಗುವಿಗೆ ಫೋನಿನಲ್ಲಿ ಸಂದೇಶ ಕಳಿಸಿದರೆ ಹೆತ್ತವರಿಗೂ ಅದು ಹೋಗಬೇಕು. ಇದಕ್ಕೆ ಖರ್ಚಿಲ್ಲ. ಒಳ್ಳೆಯ ಕೋಚ್‌ಗೆ ಇದು ರಕ್ಷಣೆಯೂ ಹೌದು, ಸುಳ್ಳು ಆರೋಪ ಹೊರಿಸಲು ಬಂದವರಿಗೆ ಎಡೆಯೇ ಸಿಗುವುದಿಲ್ಲ.

ನಾರ್ವೆಯವರು ಇನ್ನೂ ಬುಡಕ್ಕೆ ಹೋಗಿದ್ದಾರೆ. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮಗಳನ್ನು 1987ರಲ್ಲೇ ಮಾಡಿಕೊಂಡಿತು, 2007ರಲ್ಲಿ ಮಕ್ಕಳ ಕ್ರೀಡಾ ಹಕ್ಕುಗಳನ್ನು ಬರೆದಿಟ್ಟಿತು. ಹನ್ನೊಂದು ತುಂಬುವ ವರ್ಷದವರೆಗೆ ಅಂಕಪಟ್ಟಿ, ಶ್ರೇಯಾಂಕಗಳಿಲ್ಲ. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ನಮ್ಮಲ್ಲಿ ಎಂಟು ವರ್ಷದ ಮಗು ಪದಕ ತರದಿದ್ದರೆ ಅಕಾಡೆಮಿ ಬದಲಿಸುವ ಹೆತ್ತವರಿದ್ದಾರೆ. ಗೆಲುವಿನ ಒತ್ತಡ ಹೆಚ್ಚಿದಷ್ಟೂ ಕೋಚ್‌ನ ಮಾತು ವೇದವಾಗುತ್ತದೆ, ಏಟು ಕೂಡ ಪಾಠವೆನಿಸುತ್ತದೆ. ಸುರಕ್ಷತೆಯ ಪ್ರಶ್ನೆಗೂ ಗೆಲುವಿನ ಹಪಾಹಪಿಗೂ ಇರುವ ಈ ನಂಟನ್ನು ನಾರ್ವೆಯ ನೀತಿ ಗುರುತಿಸಿದೆ.

ಏಟಿನ ಮಾತು ಬಂತಾದ್ದರಿಂದ ಜಪಾನನ್ನು ನೆನೆಯಲೇಬೇಕು. 2012ರ ಡಿಸೆಂಬರ್‌ನಲ್ಲಿ ಒಸಾಕಾದ ಪ್ರೌಢಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕ, ಕೋಚ್‌ನ ಹೊಡೆತ ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡ. ದೇಶ ಮರುಗಿತು, ಕ್ರೀಡಾ ಸಂಸ್ಥೆಗಳು ಹಿಂಸೆಯನ್ನು ಕೈಬಿಡುವ ಘೋಷಣೆ ಹೊರಡಿಸಿದವು. 2020ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಬಾಲ್ಯದಲ್ಲಿ ಕ್ರೀಡಾಪಟುಗಳಾಗಿದ್ದ 800ಕ್ಕೂ ಹೆಚ್ಚು ಮಂದಿಯಿಂದ ಮಾಹಿತಿ ಪಡೆದಾಗ ಹೊಡೆತ, ಬೈಗುಳ, ನೀರು ಕೊಡದೆ ಓಡಿಸುವುದು ಇನ್ನೂ ನಡೆದಿದ್ದುದು ಗೊತ್ತಾಯಿತು. ಘೋಷಣೆಯಿಂದ ಮೈದಾನ ಬದಲಾಗಲಿಲ್ಲ, ಏಕೆಂದರೆ ಹೊಡೆದವನನ್ನು ಹೊರಗಿಡುವ ಕೈ ಇರಲಿಲ್ಲ. ನಮ್ಮಲ್ಲೂ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದೇ ಮಗು ಬೆಳಿಗ್ಗೆ ಆರಕ್ಕೆ ಖಾಸಗಿ ಅಕಾಡೆಮಿಯಲ್ಲಿ ರ‍್ಯಾಕೆಟ್ಟಿನ ಹಿಡಿಯಿಂದ ತಿನ್ನುವ ಪೆಟ್ಟು ಆ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಎರಡು ಗಂಟೆ ಕಳೆದು ಶಾಲೆಯ ಗೇಟು ದಾಟಿದ ಮೇಲೆ ಬಿದ್ದಿದ್ದರೆ ಬರುತ್ತಿತ್ತು.

ಭಾರತದ ಕಾನೂನಿನ ನಕ್ಷೆಯನ್ನು ಈಗ ಬಿಡಿಸಿ ನೋಡೋಣ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದವಿಲ್ಲದೆ 18 ತುಂಬದ ಎಲ್ಲರಿಗೂ ಅನ್ವಯಿಸುತ್ತದೆ. ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ‘ಕ್ಲಬ್ಬಿನ ಮರ್ಯಾದೆ ಹೋಗುತ್ತೆ, ಕೂತು ಮಾತಾಡಿ ಮುಗಿಸೋಣ’ ಎನ್ನುವ ಅಧ್ಯಕ್ಷರು ಈ ಸಾಲನ್ನು ಓದಿಕೊಳ್ಳುವುದು ಒಳ್ಳೆಯದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೂ ಕೆಲಸದ ಸ್ಥಳ ಎಂಬುದರೊಳಗೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ ಎಲ್ಲವನ್ನೂ ಹೆಸರು ಹಿಡಿದು ಸೇರಿಸಿದೆ. ದೂರು ಕೊಡುವವಳು ಅಲ್ಲಿನ ನೌಕರಳಾಗಿರಬೇಕಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಹತ್ತು ಮಂದಿ ಕೆಲಸಗಾರರಿದ್ದರೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಗೊಂದರಂತೆ ಇರುವ ಸ್ಥಳೀಯ ಸಮಿತಿಗೆ ಹೋಗಬಹುದು. ಇಬ್ಬರು ಕೋಚ್‌ಗಳ ಬ್ಯಾಡ್ಮಿಂಟನ್ ಶೆಡ್‌ಗೆ ಮಗಳನ್ನು ಕಳಿಸುವ ಎಷ್ಟು ಮಂದಿ ಹೆತ್ತವರಿಗೆ ತಮ್ಮ ಜಿಲ್ಲೆಯಲ್ಲಿ ಇಂಥದೊಂದು ಸಮಿತಿ ಇರುವುದು ಗೊತ್ತು?

ಕಾನೂನು ಪುಸ್ತಕದಲ್ಲಿತ್ತು, ಒಕ್ಕೂಟಗಳಲ್ಲಿ ಇರಲಿಲ್ಲ. ಮಾಹಿತಿ ಹಕ್ಕಿನ ಮೂಲಕ ಪತ್ರಿಕೆಯೊಂದು ಪಡೆದ ದಾಖಲೆಯಂತೆ 2010ರಿಂದ 2019ರವರೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ ಲೈಂಗಿಕ ಕಿರುಕುಳದ 45 ದೂರುಗಳು ದಾಖಲಾಗಿದ್ದವು, ಅದರಲ್ಲಿ 29 ಕೋಚ್‌ಗಳ ವಿರುದ್ಧ. ಬಾಯಿ ಬಿಡಲಾಗದೆ ಆಟವನ್ನೇ ಬಿಟ್ಟವರು ಈ ಲೆಕ್ಕದಲ್ಲಿ ಇಲ್ಲ. 2022ರಲ್ಲಿ ಸೈಕ್ಲಿಂಗ್ ಆಟಗಾರ್ತಿಯೊಬ್ಬರು ವಿದೇಶ ಶಿಬಿರದಲ್ಲಿ ಕೋಚ್‌ನಿಂದಾದ ಕಿರುಕುಳವನ್ನು ಬಹಿರಂಗಪಡಿಸಿದ ಮೇಲೆ, ಮಹಿಳೆಯರಿರುವ ತಂಡದ ಜೊತೆ ಮಹಿಳಾ ಕೋಚ್ ಹೋಗಲೇಬೇಕೆಂಬ ಆದೇಶ ಹೊರಟಿತು. 2023ರ ಜನವರಿಯಲ್ಲಿ ಲೈಂಗಿಕ ಕಿರುಕುಳದ ದೂರು ಹೊತ್ತು ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಜಂತರ್ ಮಂತರ್‌ನಲ್ಲಿ ಕುಳಿತದ್ದು ದೇಶಕ್ಕೆಲ್ಲ ಗೊತ್ತು. ಒಲಿಂಪಿಕ್ ಪದಕ ಗೆದ್ದವರಿಗೇ ತಮ್ಮ ದೂರು ಕೇಳಿಸಲು ಬೀದಿಗೆ ಬರಬೇಕಾಯಿತು. ಆಗ ಪತ್ರಕರ್ತರು ಹುಡುಕಿ ನೋಡಿದಾಗ, 30 ರಾಷ್ಟ್ರೀಯ ಒಕ್ಕೂಟಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಾಯ್ದೆ ಹೇಳುವ ರೀತಿಯ ಸಮಿತಿ ಇರಲೇ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸು ಕೊಟ್ಟಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಮಹಿಳೆಯರು ಮತ್ತು ಬಾಲ ಆಟಗಾರರಿಗಾಗಿ ಸುರಕ್ಷಿತ ಕ್ರೀಡಾ ನೀತಿ, ನೀತಿ ಸಂಹಿತೆ, ದೂರು ಪರಿಹಾರದ ವ್ಯವಸ್ಥೆ, ರಾಷ್ಟ್ರೀಯ ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ ಎಲ್ಲವೂ ಅದರಲ್ಲಿವೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ಕಾಯ್ದೆ ಮಾತನಾಡುವುದು ಒಕ್ಕೂಟಗಳ ಜೊತೆ, ಅವುಗಳ ಮಾನ್ಯತೆಯ ಕೊಂಡಿಯಲ್ಲಿ ಸಿಕ್ಕಿಕೊಂಡಿರುವ ಸಂಸ್ಥೆಗಳ ಜೊತೆ. ಬಡಾವಣೆಯ ಖಾಲಿ ಸೈಟಿನಲ್ಲಿ ನೆಟ್ ಕಟ್ಟಿದ ಕ್ರಿಕೆಟ್ ಅಕಾಡೆಮಿ, ಅಪಾರ್ಟ್‌ಮೆಂಟಿನ ಈಜುಕೊಳದ ಕೋಚ್, ಯುವಕ ಮಂಡಲದ ಹೊನಲು ಬೆಳಕಿನ ಕಬಡ್ಡಿ, ಗಣೇಶೋತ್ಸವದ ವಾಲಿಬಾಲ್, ಇವು ಯಾವ ಒಕ್ಕೂಟಕ್ಕೂ ಸೇರಿಲ್ಲ. ನಮ್ಮ ಮಕ್ಕಳಲ್ಲಿ ಬಹುಪಾಲು ಆಡುವುದು ಇಲ್ಲೇ.

ಇಲ್ಲಿ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾರೂ ಯಾರನ್ನೂ ಕೇಳಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ತಮ್ಮ ರಾಜ್ಯ ಸರ್ಕಾರದಿಂದ ಪೂರ್ವಾಪರ ಪರಿಶೀಲನೆಯ ಪತ್ರ ಪಡೆಯಬೇಕು. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳಲ್ಲಿ ಸ್ವಯಂಸೇವಕರಿಗೆ ಅದು ಉಚಿತ. ಆ ಪತ್ರ ನಿಜವೇ ಎಂದು ಕ್ಲಬ್ಬು ಆನ್‌ಲೈನ್‌ನಲ್ಲೇ ತಾಳೆ ನೋಡಬಹುದು. ಭಾರತದಲ್ಲಿ 2018ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಶುರುವಾಯಿತು, ಆದರೆ ಅದನ್ನು ನೋಡಬಲ್ಲವರು ಪೊಲೀಸರು, ತನಿಖಾ ಸಂಸ್ಥೆಗಳು ಮಾತ್ರ. ಒಂದು ಊರಿನಲ್ಲಿ ಹೆಸರು ಕೆಡಿಸಿಕೊಂಡವನು ನೂರು ಕಿಲೋಮೀಟರ್ ಆಚೆ ಹೊಸ ಟೀ ಶರ್ಟು ತೊಟ್ಟು ಸೀಟಿ ಊದಬಹುದು. 2014ರ ಜುಲೈಯಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ನಡೆದ ಅತ್ಯಾಚಾರದ ನಂತರ ಶಾಲೆಗಳಿಗೆ ಪೊಲೀಸ್ ಮಾರ್ಗಸೂಚಿ ಬಂತು, 2016ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ರಾಜ್ಯದ ಮಕ್ಕಳ ರಕ್ಷಣಾ ನೀತಿ ಬಂತು. ಅಕಾಡೆಮಿಗಳಿಗೆ ಅಂಥದ್ದು ಬರಲಿಲ್ಲ. 2025ರಲ್ಲಿ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಕೋಚ್ ಒಬ್ಬನನ್ನು ಪೋಕ್ಸೊ ಅಡಿ ಬಂಧಿಸಲಾಯಿತು. ವಿಷಯ ಬೆಳಕಿಗೆ ಬಂದದ್ದು ಯಾವ ತಪಾಸಣೆಯಿಂದಲೂ ಅಲ್ಲ, ಅಜ್ಜಿ ಫೋನಿನಲ್ಲಿದ್ದ ಚಿತ್ರ ನೋಡಿದ್ದರಿಂದ.

ಸುರಕ್ಷತೆಯೆಂದರೆ ಇದಿಷ್ಟೇ ಅಲ್ಲ. ಮೈಗೆ ಬೀಳುವ ಪೆಟ್ಟಿನ ಕಡೆಗೂ ನೋಡಬೇಕು, ಅಲ್ಲಿ ನಮ್ಮ ಉದಾಸೀನ ಇನ್ನೂ ಹೆಚ್ಚು. 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಹೊಡೆತ ತಿಂದು ಬಿದ್ದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯರೂ ಆಂಬುಲೆನ್ಸೂ ಇರಲಿಲ್ಲ ಎಂದು ಮನೆಯವರು ಆರೋಪಿಸಿದರು, ಸಂಘಟಕರ ಮೇಲೆ ಮೊಕದ್ದಮೆ ಬಿತ್ತು. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಕಿರಿಯರ ರಾಷ್ಟ್ರೀಯ ಕಬಡ್ಡಿಯ ಉದ್ಘಾಟನೆಯ ಹೊತ್ತಿಗೆ ತಾತ್ಕಾಲಿಕ ಗ್ಯಾಲರಿ ಕುಸಿದು ನೂರರಷ್ಟು ಮಂದಿ ಗಾಯಗೊಂಡರು. 2025ರ ನವೆಂಬರ್‌ನಲ್ಲಿ ಹರಿಯಾಣದ ರೋಹ್ತಕ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಎದೆಯ ಮೇಲೆ ಬಿದ್ದು 16ರ ಆಟಗಾರ ಸತ್ತ. ಅದೇ ದಿನಗಳಲ್ಲಿ ಬಹಾದುರ್‌ಗಢದಲ್ಲೂ ಹಾಗೆಯೇ ಇನ್ನೊಬ್ಬ ಹುಡುಗ ಹೋದ. ತುಕ್ಕು ಹಿಡಿದ ಕಂಬ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದಿರುವುದಿಲ್ಲ. ಎತ್ತಿಡಬಹುದಾದ ಫುಟ್‌ಬಾಲ್ ಗೋಲು ಕಂಬಗಳು ಮಗುಚಿ ಮಕ್ಕಳು ಸಾಯುತ್ತಿದ್ದುದನ್ನು ಕಂಡು, ಅವನ್ನು ನೆಲಕ್ಕೆ ಬಿಗಿಯಬೇಕೆಂದು ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗ 1995ರಲ್ಲೇ ಮಾರ್ಗಸೂಚಿ ಬರೆಯಿತು. ನಾಲ್ಕು ಮರಳು ಮೂಟೆಯ ಕೆಲಸ ಅದು.

ತಲೆಗೆ ಬೀಳುವ ಪೆಟ್ಟಿನದು ಕಣ್ಣಿಗೆ ಕಾಣದ ಅಪಾಯ. ಕಬಡ್ಡಿಯಲ್ಲಿ ರೈಡರ್‌ನ ಮಂಡಿ ಹಿಡಿತಕ್ಕೆ ಹೋದವನ ಕಪಾಲಕ್ಕೆ ಬಡಿಯುತ್ತದೆ. ಅವನು ಎದ್ದು ತಲೆ ಕೊಡವಿ, ಮುಖಕ್ಕೆ ನೀರು ಹಾಕಿಸಿಕೊಂಡು ಮತ್ತೆ ಸಾಲಿನಲ್ಲಿ ನಿಂತರೆ ಜನ ಚಪ್ಪಾಳೆ ತಟ್ಟುತ್ತಾರೆ. ಕೆನಡಾದಲ್ಲಿ 2013ರಲ್ಲಿ ರೋವನ್ ಸ್ಟ್ರಿಂಗರ್ ಎಂಬ 17ರ ರಗ್ಬಿ ಆಟಗಾರ್ತಿ ಕೆಲವೇ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದು ಸತ್ತಳು. ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನ ಎರಡನೆಯದು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. 2018ರಲ್ಲಿ ಒಂಟಾರಿಯೊ ಅವಳ ಹೆಸರಿನಲ್ಲೇ ಕಾನೂನು ಮಾಡಿತು. ಅನುಮಾನ ಬಂದ ಆಟಗಾರನನ್ನು ಕೂಡಲೇ ಹೊರಗೆ ಕೂರಿಸಬೇಕು, ವೈದ್ಯರು ಒಪ್ಪುವವರೆಗೆ ಒಳಗೆ ಬಿಡಬಾರದು. ತಾನು ಆಡಬಲ್ಲೆ ಎಂದು ಹೇಳುವ ಅಧಿಕಾರವನ್ನು ಆಟಗಾರನಿಂದಲೂ, ಆಡಿಸುವ ಅಧಿಕಾರವನ್ನು ಕೋಚ್‌ನಿಂದಲೂ ತೆಗೆದುಹಾಕಿದ್ದು ಈ ಕಾನೂನಿನ ಸತ್ವ. ಫೈನಲ್‌ನ ಕೊನೆಯ ಐದು ನಿಮಿಷದಲ್ಲಿ ಇಬ್ಬರಿಗೂ ಬುದ್ಧಿ ಸ್ಥಿಮಿತದಲ್ಲಿರುವುದಿಲ್ಲ.

ಹೃದಯದ ಮಾತೂ ಹಾಗೆಯೇ. 2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದಾಗ ಎದೆ ಒತ್ತುವವರೂ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವೂ ತಕ್ಷಣ ಸಿಕ್ಕಿದ್ದರಿಂದ ಅವರು ಬದುಕಿದರು, ಮತ್ತೆ ಆಡಿದರು. ಹೃದಯ ನಿಂತ ಮೇಲೆ ನೆರವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. 108ಕ್ಕೆ ಕರೆ ಮಾಡಿ ಕಾಯುವ ಹೊತ್ತಿನಲ್ಲಿ ಎದೆ ಒತ್ತಲು ಬಲ್ಲ ಇಬ್ಬರು ಮೈದಾನದಲ್ಲಿರಬೇಕು. ಪುನೀತ್ ರಾಜ್‌ಕುಮಾರ್ ಅವರ ಸಾವಿನ ನಂತರ ಕರ್ನಾಟಕ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು, ಜನ ಸೇರುವಲ್ಲಿ ಎಇಡಿ ಇಡುವ ಮಾತೂ ಅದರಲ್ಲಿತ್ತು. ತಾಲ್ಲೂಕು ಕ್ರೀಡಾಂಗಣಗಳಿಗೆ ಅದರಲ್ಲಿ ಮೊದಲ ಪಾಲು ಸಲ್ಲಬೇಕು.

ಇನ್ನು ನೈತಿಕತೆಯ ಮಾತು. ವಯಸ್ಸು ತಿದ್ದುವುದು ನಮ್ಮ ಮಕ್ಕಳ ಕ್ರೀಡೆಯ ಹಳೆಯ ರೋಗ. 2010ರಲ್ಲೇ ಕೇಂದ್ರ ಸರ್ಕಾರ ಅದರ ವಿರುದ್ಧ ಸಂಹಿತೆ ತಂದಿತು, ಕ್ರಿಕೆಟ್ ಮಂಡಳಿ ಮೂಳೆ ಪರೀಕ್ಷೆ ನಡೆಸುತ್ತದೆ. ಇದನ್ನು ಬರೀ ಮೋಸ ಎಂದು ನೋಡಿದರೆ ಸಾಲದು. ಹದಿನಾರರ ಹುಡುಗ ಹದಿಮೂರರವರ ಕುಸ್ತಿಗೆ ಇಳಿದರೆ ಅದು ಎದುರಾಳಿಯ ಎಲುಬಿನ ಪ್ರಶ್ನೆಯೂ ಹೌದು. ತೀರ್ಪುಗಾರರ ಮೇಲಿನ ಹಲ್ಲೆ ಇನ್ನೊಂದು. 2012ರ ಡಿಸೆಂಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಆಲ್ಮೆರೆಯಲ್ಲಿ, ಮಗನ ತಂಡದ ಪಂದ್ಯಕ್ಕೆ ಸ್ವಯಂಸೇವಕರಾಗಿ ಬಾವುಟ ಹಿಡಿದಿದ್ದ ರಿಚರ್ಡ್ ನ್ಯೂವೆನ್‌ಹೌಜನ್ ಅವರನ್ನು ಎದುರು ತಂಡದ ಹುಡುಗರು ಹೊಡೆದು ಕೊಂದರು. ಒಬ್ಬ ಆಟಗಾರನ ತಂದೆಯೂ ಶಿಕ್ಷೆಗೊಳಗಾದ. ಅದರ ಮುಂದಿನ ವಾರಾಂತ್ಯ ಇಡೀ ದೇಶದ ಹವ್ಯಾಸಿ ಫುಟ್‌ಬಾಲ್ ಪಂದ್ಯಗಳನ್ನು ರದ್ದು ಮಾಡಿದರು. 2023ರಲ್ಲಿ ಇಂಗ್ಲೆಂಡಿನಲ್ಲಿ ತಳಮಟ್ಟದ ಪಂದ್ಯಗಳ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟಿ ನೋಡುವ ಪ್ರಯೋಗ ಶುರುವಾಯಿತು. ನಮ್ಮ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳಲ್ಲಿ ಎಲ್‌ಬಿ ಕೊಡದ ಅಂಪೈರನ ಕಾಲರನ್ನು ಆಟಗಾರರು ಹಿಡಿಯುವುದನ್ನು ಕಂಡವರಿಗೆ ಆಲ್ಮೆರೆ ದೂರದ ಊರೆನಿಸುವುದಿಲ್ಲ.

ಘನತೆಯ ವಿಚಾರವನ್ನು ನಾವು ನೀತಿಯೊಳಗೆ ಸೇರಿಸುವುದೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಬಾಲಕಿಯರ ಕಬಡ್ಡಿ ಪಂದ್ಯದ ವೇಳೆ ಅನ್ನದ ತಟ್ಟೆ ಶೌಚಾಲಯದ ನೆಲದ ಮೇಲಿತ್ತು. ವಿಡಿಯೊ ಹೊರಬಿದ್ದ ಮೇಲೆ ಕ್ರೀಡಾಧಿಕಾರಿಯನ್ನು ಅಮಾನತು ಮಾಡಿದರು. ನಮ್ಮ ವಲಯ ಮಟ್ಟದ ಕ್ರೀಡಾಕೂಟಗಳಲ್ಲಿ ಹುಡುಗಿಯರು ಬಟ್ಟೆ ಬದಲಿಸಲು ಬೀಗ ಹಾಕುವ ಕೋಣೆ ಸಿಗುವುದೇ ಅದೃಷ್ಟ. ಮುಟ್ಟಿನ ದಿನ ಬಂದರೆ ಹೇಳಿಕೊಳ್ಳಲು ಶಿಕ್ಷಕಿಯೊಬ್ಬರು ಜೊತೆಗಿರಬೇಕು ಎಂಬ ಕನಿಷ್ಠ ಏರ್ಪಾಡು ಎಷ್ಟೋ ತಂಡಗಳಿಗೆ ಇಲ್ಲ. ಆ ದಿನವೇ ಆಟ ಬಿಡುವ ಹುಡುಗಿಯರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ.

ಇಷ್ಟೆಲ್ಲ ಕಟ್ಟುಪಾಡು ತಂದರೆ ಪುಕ್ಕಟೆ ದುಡಿಯುವ ಯುವಕ ಸಂಘಗಳು ಪಂದ್ಯವನ್ನೇ ನಿಲ್ಲಿಸಿಬಿಡುತ್ತವೆ ಎಂಬ ಆಕ್ಷೇಪವಿದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಫೈಲು, ಫಾರಂ, ತರಬೇತಿ ಪತ್ರ ಎಂದು ಹೊರೆ ಹೇರಿದರೆ ಮೊದಲು ಸಾಯುವುದು ಬಡ ಹಳ್ಳಿಯ ಮೈದಾನವೇ. ಆದರೆ ಜನ ತಾವೇ ಕಟ್ಟಿಕೊಂಡ ಶಿಸ್ತು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಕೊಡಗು ನಮ್ಮ ಕಣ್ಣೆದುರಿಗಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ತಂಡಗಳು ಬರುತ್ತವೆ. ಅಜ್ಜ ಮೊಮ್ಮಗ, ಗಂಡು ಹೆಣ್ಣು ಒಂದೇ ತಂಡದಲ್ಲಿ ಆಡುತ್ತಾರೆ. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯದ ಹೊಣೆ ಹೊರುತ್ತದೆ. ಹೀಗೆ ಕೈಯಿಂದ ಕೈಗೆ ದಾಟುವ ಹೊಣೆಯ ಜೊತೆಗೆ ಮಕ್ಕಳ ರಕ್ಷಣೆಯ, ತಲೆಪೆಟ್ಟಿನ, ಆಂಬುಲೆನ್ಸಿನ ಒಂದು ಪುಟದ ನಿಯಮವೂ ದಾಟಬಹುದು.

ಹಳ್ಳಿ, ಪೇಟೆಗಳಲ್ಲಿ ಪಂದ್ಯಾವಳಿ ನಡೆಸಲು ಈಗಾಗಲೇ ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಅನುಮತಿ ಬೇಕು, ಮೈದಾನಕ್ಕೆ ಶಾಲೆ ಅಥವಾ ಪಂಚಾಯಿತಿಯ ಒಪ್ಪಿಗೆ ಬೇಕು, ದೀಪಕ್ಕೆ ವಿದ್ಯುತ್ ಕಚೇರಿಗೆ ಹೋಗಬೇಕು. ಹೊಸ ಇಲಾಖೆ, ಹೊಸ ಅಧಿಕಾರಿ ಬೇಕಿಲ್ಲ. ಅದೇ ಅರ್ಜಿಯಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು: ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಗ್ಯಾಲರಿಯನ್ನು ಪರೀಕ್ಷಿಸಿದವರು ಯಾರು, ಮಕ್ಕಳ ತಂಡದ ಜೊತೆ ಬಂದಿರುವ ಇಬ್ಬರು ವಯಸ್ಕರ ಹೆಸರೇನು, ಮತ್ತು ಮಕ್ಕಳ ಸಹಾಯವಾಣಿ 1098ರ ಜೊತೆಗೆ ದೂರು ಕೇಳಲು ಸಂಘಕ್ಕೆ ಸೇರದ ಒಬ್ಬ ಮಹಿಳೆಯ ಫೋನ್ ನಂಬರನ್ನು ಅಂಕಣದ ಪಕ್ಕ ಬರೆದು ಹಾಕಿದ್ದಾರೆಯೇ. ಖಾಸಗಿ ಅಕಾಡೆಮಿಗಳಿಗೆ ಪಾಲಿಕೆ, ಪುರಸಭೆಗಳು ಮೈದಾನ ಬಾಡಿಗೆಗೆ ಕೊಡುವಾಗ ಕೋಚ್‌ಗಳ ಪೊಲೀಸ್ ಪರಿಶೀಲನಾ ಪತ್ರವನ್ನು ಕರಾರಿನಲ್ಲೇ ಕೇಳಬಹುದು. ಆಂಬುಲೆನ್ಸಿನ ದುಡ್ಡು ಎಲ್ಲಿಂದ ಎಂದು ಸಂಘದವರು ಕೇಳಿದರೆ ಉತ್ತರ ತಾಲ್ಲೂಕಿನಿಂದ ಬರಬೇಕು: ತಾಲ್ಲೂಕು ಆಸ್ಪತ್ರೆಯ ಗಾಡಿಯನ್ನೂ ಒಬ್ಬ ಶುಶ್ರೂಷಕರನ್ನೂ ಪಂದ್ಯದ ದಿನ ಕಳಿಸುವ ಖರ್ಚನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತನ್ನ ಬಜೆಟ್ಟಿನಲ್ಲೇ ಒಂದು ಬಾಬ್ತಾಗಿ ಬರೆದುಕೊಳ್ಳಲಿ.